ಗೆಳೆಯನಿಗೊಂದು ಪತ್ರ: ಶಿಲುಬೆ ಯುದ್ಧಗಳ ಹಿಂದಿನ ಮನೆಜಗಳಗಳು

ಪ್ರಿಯ ಗೆಳೆಯ,

ಕ್ರೈಸ್ತರೂ ಮುಸ್ಲಿಮರೂ ಜೆರುಸಲೇಮಿಗಾಗಿ ಸುಮಾರು ಇನ್ನೂರು ವರ್ಷ ಹೊಡೆದಾಡಿದ್ದು ಎರಡು ಧರ್ಮಗಳ ಜಗಳವಲ್ಲದೆ ಮತ್ತೇನು ಎಂದು ಕೇಳಿದ್ದೆಯಲ್ಲ, ಅಷ್ಟೇ ಆಗಿದ್ದರೆ ಅದು 1095ರವರೆಗೆ ಕಾದದ್ದೇಕೆ ಎಂಬುದು ನನ್ನ ಮರುಪ್ರಶ್ನೆ. ಆ ನಗರ ಅರಬರ ವಶವಾದದ್ದು ಏಳನೆಯ ಶತಮಾನದಲ್ಲಿ, ಖಲೀಫ ಉಮರನ ಕಾಲದಲ್ಲಿ. ಯೇಸುವಿನ ಸಮಾಧಿಯ ಚರ್ಚನ್ನು ಈಜಿಪ್ಟಿನ ಫಾತಿಮಿದ್ ಖಲೀಫ ಅಲ್-ಹಾಕಿಮ್ ಕೆಡವಿಸಿದ್ದು 1009ರಲ್ಲಿ. ಆಗಲೂ ಪಶ್ಚಿಮ ಯುರೋಪಿನಿಂದ ಯಾವ ದಂಡೂ ಹೊರಡಲಿಲ್ಲ. ಕಾನ್‌ಸ್ಟಾಂಟಿನೋಪಲಿನಿಂದ ಆಳುತ್ತಿದ್ದ ಪೂರ್ವದ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಮಿನ ಚಕ್ರವರ್ತಿಗಳು ಮುಂದೆ ಕೈರೋದೊಡನೆ ಒಪ್ಪಂದ ಮಾಡಿಕೊಂಡು, ಚರ್ಚನ್ನು ಮತ್ತೆ ಕಟ್ಟಿಸಿದರು.

ಬದಲಾದದ್ದು ಎರಡೂ ಮನೆಗಳ ಒಳಗಿನ ಸ್ಥಿತಿ. ಬಿಷಪ್‌ಗಳನ್ನು ನೇಮಿಸುವ ಹಕ್ಕು ಯಾರದೆಂಬ ವಿಚಾರದಲ್ಲಿ ಪೋಪ್ ಏಳನೆಯ ಗ್ರೆಗರಿಗೂ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿಗೂ ಹುಟ್ಟಿದ ಜಗಳ ಎಷ್ಟು ಬೆಳೆಯಿತೆಂದರೆ, 1077ರ ಚಳಿಗಾಲದಲ್ಲಿ ಕನೋಸಾ ಕೋಟೆಯ ಬಾಗಿಲಲ್ಲಿ ಕ್ಷಮೆಗಾಗಿ ಕಾದು ನಿಂತಿದ್ದ ಅದೇ ಹೆನ್ರಿ, ಏಳು ವರ್ಷಗಳ ನಂತರ ರೋಮಿಗೆ ನುಗ್ಗಿ ತನ್ನದೇ ಪೋಪನನ್ನು ಪೀಠದ ಮೇಲೆ ಕೂರಿಸಿದ. ಗ್ರೆಗರಿ 1085ರಲ್ಲಿ ಸಲೆರ್ನೋದಲ್ಲಿ, ದೇಶಭ್ರಷ್ಟನಾಗಿಯೇ ತೀರಿಕೊಂಡ. ಎರಡನೆಯ ಅರ್ಬನ್ 1088ರಲ್ಲಿ ಆಯ್ಕೆಯಾದಾಗ ಅವನಿಗೆ ಸ್ವಂತ ನಗರವಾದ ರೋಮಿನಲ್ಲೇ ನೆಲೆ ಭದ್ರವಿರಲಿಲ್ಲ.

ಇತ್ತ 1071ರಲ್ಲಿ ಮಂಜಿಕೆರ್ಟಿನ ಕಾಳಗದಲ್ಲಿ ಬೈಜಾಂಟಿಯಮ್ ಚಕ್ರವರ್ತಿಯೇ ಸೆಲ್ಜುಕ್ ತುರ್ಕರ ಸುಲ್ತಾನ ಅಲ್ಪ್ ಅರ್ಸ್ಲಾನನ ಸೆರೆಯಾದ ಮೇಲೆ ಅನಟೋಲಿಯಾದ ಬಹುಭಾಗ ತುರ್ಕರ ಪಾಲಾಯಿತು. ಚಕ್ರವರ್ತಿ ಅಲೆಕ್ಸಿಯೋಸ್ 1095ರಲ್ಲಿ ಪೋಪನ ಬಳಿಗೆ ದೂತರನ್ನು ಕಳುಹಿಸಿದಾಗ ಅವನಿಗೆ ಬೇಕಿದ್ದದ್ದು ತನ್ನ ಮಾತು ಕೇಳುವ ಕೂಲಿ ಸೈನಿಕರು. ಬಂದದ್ದು ಅವನ ಹಿಡಿತಕ್ಕೆ ಸಿಗದ ಸೇನೆಗಳು. ಅದೇ ನವೆಂಬರಿನಲ್ಲಿ ಕ್ಲೆರ್ಮೋನ್ ಸಭೆಯಲ್ಲಿ ಅರ್ಬನ್ ಕರೆ ಕೊಟ್ಟಾಗ ಹೆನ್ರಿಗೂ ಫ್ರಾನ್ಸಿನ ದೊರೆ ಫಿಲಿಪ್ಪನಿಗೂ ಚರ್ಚಿನ ಬಹಿಷ್ಕಾರವಿತ್ತು. ಮೊದಲ ದಂಡಯಾತ್ರೆಯಲ್ಲಿ ಒಬ್ಬ ರಾಜನೂ ಇರಲಿಲ್ಲ ಎಂಬುದನ್ನು ಗಮನಿಸು. ಸೇನೆ ಕೂಡಿಸುವ ರಾಜರ ಕೆಲಸವನ್ನು ಪೋಪನೇ ಮಾಡಿ ತೋರಿಸಿದ್ದ, ಕ್ರೈಸ್ತ ಜಗತ್ತಿನ ಯಜಮಾನ ಯಾರೆಂಬ ಹಳೆಯ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿರಲಿಲ್ಲ.

ಹಾಗೆಂದು ಭಕ್ತಿ ಬರೀ ಮುಖವಾಡವಾಗಿತ್ತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಗೌರವಕ್ಕಾಗಿಯೋ ಹಣಕ್ಕಾಗಿಯೋ ಅಲ್ಲದೆ ಭಕ್ತಿಯೊಂದರಿಂದಲೇ ಜೆರುಸಲೇಮಿಗೆ ಹೊರಟವನಿಗೆ ಆ ಪ್ರಯಾಣವೇ ಪೂರ್ಣ ಪ್ರಾಯಶ್ಚಿತ್ತವೆಂದು ಕ್ಲೆರ್ಮೋನ್ ಸಭೆ ನಿರ್ಣಯಿಸಿತ್ತು. ಕೊಲ್ಲುವುದೇ ಕಸುಬಾಗಿದ್ದು, ಅದರ ಪಾಪಕ್ಕೂ ಅಂಜುತ್ತಿದ್ದ ಸರದಾರನಿಗೆ ಇದು ಎಂಥ ಆಮಿಷವಾಗಿದ್ದಿರಬೇಕು ಎಂದು ಯೋಚಿಸು. ನಾರ್ಮಂಡಿಯ ರಾಬರ್ಟ್ ತನ್ನ ಇಡೀ ಸೀಮೆಯನ್ನು ತಮ್ಮನಾದ ಇಂಗ್ಲೆಂಡಿನ ದೊರೆಗೆ 10,000 ಮಾರ್ಕ್ ಬೆಳ್ಳಿಗೆ ಅಡವಿಟ್ಟು ಹೊರಟ. ಲಾಭದ ಲೆಕ್ಕ ಹಾಕುವವನು ಹೀಗೆ ಮಾಡುವುದಿಲ್ಲ. ಆದರೆ ಅದೇ ಭಕ್ತಿ 1096ರಲ್ಲಿ, ಜೆರುಸಲೇಮ್ ಇನ್ನೂ ಬಹುದೂರವಿರುವಾಗಲೇ, ರೈನ್ ನದಿಯ ದಂಡೆಯ ವರ್ಮ್ಸ್ ಮತ್ತು ಮೈನ್ಸ್ ಊರುಗಳಲ್ಲಿ ಯಹೂದಿಗಳ ನೆತ್ತರು ಹರಿಸಿತು ಎಂಬುದನ್ನೂ ಬಿಟ್ಟುಬಿಡುವಂತಿಲ್ಲ.

ಇನ್ನು ಮುಸ್ಲಿಂ ಜಗತ್ತಿನಲ್ಲಿ ಆಗ ಇಬ್ಬರು ಖಲೀಫರಿದ್ದರು: ಬಾಗ್ದಾದಿನಲ್ಲಿ ಸುನ್ನಿ ಅಬ್ಬಾಸಿದ್, ಕೈರೋದಲ್ಲಿ ಶಿಯಾ ಫಾತಿಮಿದ್. 1092ರಲ್ಲಿ ಸೆಲ್ಜುಕ್ ವಜೀರ ನಿಜಾಮ್ ಅಲ್-ಮುಲ್ಕನ ಕೊಲೆಯಾಗಿ, ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಷಾ ಕೂಡ ತೀರಿಕೊಂಡಾಗ ಸಿರಿಯಾ ದಾಯಾದಿ ಕಲಹದಲ್ಲಿ ಹರಿದುಹೋಯಿತು. ಅಲೆಪ್ಪೋದ ರಿದ್ವಾನ್, ಡಮಾಸ್ಕಸಿನ ದುಕಾಕ್ ಒಡಹುಟ್ಟಿದವರಾದರೂ ಪರಸ್ಪರ ನಂಬದವರು. ಶಿಲುಬೆ ಸೇನೆ ಸಿರಿಯಾದ ಆಂಟಿಯೋಕಿಗೆ ಮುತ್ತಿಗೆ ಹಾಕಿದಾಗ ದುಕಾಕ್ 1097ರ ಕೊನೆಯಲ್ಲಿ, ರಿದ್ವಾನ್ 1098ರ ಫೆಬ್ರವರಿಯಲ್ಲಿ, ಬೇರೆ ಬೇರೆಯಾಗಿ ಬಂದು ಬೇರೆ ಬೇರೆಯಾಗಿಯೇ ಸೋತರು. ಆ ವರ್ಷವೇ ಫಾತಿಮಿದರು ತುರ್ಕರ ಕೈಯಿಂದ ಜೆರುಸಲೇಮನ್ನು ಕಿತ್ತುಕೊಂಡರು. ಹಾಗಾಗಿ 1099ರ ಜುಲೈ 15ರಂದು ಆ ನಗರವನ್ನು ಹಿಡಿದು ಕಗ್ಗೊಲೆ ನಡೆಸಿದ ಫ್ರಾಂಕರು, ಎಂದರೆ ಪಶ್ಚಿಮ ಯುರೋಪಿನ ಶಿಲುಬೆ ಯೋಧರು, ಅದನ್ನು ಗೆದ್ದದ್ದು ತಾವು ಬೈಯುತ್ತ ಬಂದಿದ್ದ ತುರ್ಕರಿಂದಲ್ಲ, ಈಜಿಪ್ಟಿನವರಿಂದ!

ಇದನ್ನೆಲ್ಲ ಆಗಲೇ ಕಂಡವನೊಬ್ಬನಿದ್ದ. ಡಮಾಸ್ಕಸಿನ ವಿದ್ವಾಂಸ ಅಲ್-ಸುಲಮಿ 1105ರಲ್ಲಿ ಮಸೀದಿಯಲ್ಲಿ ಜಿಹಾದ್ ಕುರಿತ ತನ್ನ ಗ್ರಂಥವನ್ನು ಓದಿ ಹೇಳುತ್ತ, ಸಿಸಿಲಿ, ಸ್ಪೇನ್, ಜೆರುಸಲೇಮ್‌ಗಳ ಮೇಲಿನ ದಾಳಿಗಳು ಒಂದೇ ಸರಣಿಯವೆಂದೂ, ಮುಸ್ಲಿಮರ ಒಡಕೇ ಫ್ರಾಂಕರಿಗೆ ದಾರಿ ಮಾಡಿಕೊಟ್ಟಿತೆಂದೂ ವಾದಿಸಿದ. ಅರಸರು ಕಿವಿಗೊಡಲಿಲ್ಲ. 1108ರಲ್ಲಿ ತೆಲ್ ಬಶೀರ್ ಬಳಿ ನಡೆದ ಕಾಳಗದಲ್ಲಿ ಎರಡು ಪಕ್ಷಗಳಲ್ಲೂ ಫ್ರಾಂಕರಿದ್ದರು, ಎರಡರಲ್ಲೂ ತುರ್ಕರಿದ್ದರು. ರಿದ್ವಾನನ ಪಡೆ ನಿಂತಿದ್ದು ಆಂಟಿಯೋಕನ್ನು ಆಳುತ್ತಿದ್ದ ಫ್ರಾಂಕ್ ಸರದಾರ ಟಾಂಕ್ರೆಡನ ಪಕ್ಕದಲ್ಲಿ.

ಜಿಹಾದಿನ ಕೂಗು ರಾಜನೀತಿಯಾದದ್ದು 1144ರಲ್ಲಿ ಮೋಸುಲ್ ಮತ್ತು ಅಲೆಪ್ಪೋಗಳ ತುರ್ಕ ಒಡೆಯ ಜಂಗಿ ಫ್ರಾಂಕರ ಕೈಯಲ್ಲಿದ್ದ ಎಡೆಸ್ಸಾ ನಗರವನ್ನು ಗೆದ್ದ ನಂತರ, ಮುಖ್ಯವಾಗಿ ಅವನ ಮಗ ನೂರುದ್ದೀನನ ಕಾಲದಲ್ಲಿ. ಜೆರುಸಲೇಮ್ ಇನ್ನೂ ಫ್ರಾಂಕರ ಕೈಯಲ್ಲಿರುವಾಗಲೇ ಅಲ್ಲಿನ ಅಲ್-ಅಕ್ಸಾ ಮಸೀದಿಗೆಂದು ಅವನು ಮರದ ಕೆತ್ತನೆಯ ಪ್ರವಚನ ಪೀಠವೊಂದನ್ನು ಮಾಡಿಸಿಟ್ಟಿದ್ದ. ಅದನ್ನು ಅಲ್ಲಿಗೆ ತಂದಿಟ್ಟವನು 1187ರಲ್ಲಿ ನಗರವನ್ನು ಗೆದ್ದ ಸಲಾವುದ್ದೀನ್. ಆದರೆ ಅವನು ಕೂಡ 1171ರಲ್ಲಿ ಫಾತಿಮಿದ್ ಖಿಲಾಫತ್ತನ್ನು ಕೊನೆಗಾಣಿಸಿ, ನೂರುದ್ದೀನ್ ಸತ್ತ ಮೇಲೆ ಅವನ ಮಗನ ಪಾಲಿನ ಅಲೆಪ್ಪೋವನ್ನು ಪಡೆಯಲು 1183ರವರೆಗೆ ಸಹಧರ್ಮೀಯರೊಡನೆಯೇ ಸೆಣಸಿ, ಅನಂತರವಷ್ಟೇ, 1187ರಲ್ಲಿ ಫ್ರಾಂಕರನ್ನು ಸೋಲಿಸಿದ ಹತ್ತೀನಿನ ರಣರಂಗಕ್ಕೆ ಬಂದವನು.

ಶಿಲುಬೆ ಹೊತ್ತವರೇ 1204ರಲ್ಲಿ ಕ್ರೈಸ್ತರ ಕಾನ್‌ಸ್ಟಾಂಟಿನೋಪಲನ್ನು ಸೂರೆ ಮಾಡಿದ ಕಥೆಯನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿನ್ನ ಪ್ರೀತಿಯ,
ಗೆಳೆಯ