ಕಸ ಅಂದುಕೊಂಡಿದ್ದ ಆರ್‌ಎನ್‌ಎ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ನಾಲ್ಕು ದಿನವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಣ್ಣನ ರಿಪೋರ್ಟಿನಲ್ಲಿ ಗ್ಲಿಯೋಬ್ಲಾಸ್ಟೋಮಾ, ಗ್ರೇಡ್ 4, ಅಂದರೆ ಮೆದುಳಿನ ಕ್ಯಾನ್ಸರ್ ಗಡ್ಡೆ ಅಂತ ಓದಿದಾಗಿನಿಂದ ಮನಸ್ಸು ಸರಿ ಇಲ್ಲ. ನಮ್ಮಿಬ್ಬರಿಗೂ ತುಂಗೆಯಲ್ಲಿ ಈಜು ಕಲಿಸಿದವನು ಅವನೇ ಅಲ್ವಾ.

ಅತ್ತಿಗೆ ಕೇಳಿದ್ದರಂತೆ: ಡಿಎನ್‌ಎಯಲ್ಲಿ ಜಾಸ್ತಿ ಭಾಗ ಕಸ ಅಂತಾರಲ್ಲ, ಆ ಕಸದಿಂದಲೇ ಗಡ್ಡೆ ಬೆಳೆಯುತ್ತಾ ಅಂತ. ಒಳ್ಳೆಯ ಪ್ರಶ್ನೆ ಮಾರಾಯ. ನಾನು ದಿನವಿಡೀ ಲ್ಯಾಬಿನಲ್ಲಿ ಮಾಡುವುದು ಅದರ ಸುತ್ತಲಿನ ಕೆಲಸವನ್ನೇ.

ಪ್ರೋಟೀನ್ ಮಾಡಲು ಬೇಕಾದ ಬರಹ ನಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಆದರೆ ಉಳಿದ ಕಡೆಯಿಂದಲೂ ಜೀವಕೋಶ ಆರ್‌ಎನ್‌ಎ ಪ್ರತಿ ತೆಗೆಯುತ್ತಲೇ ಇರುತ್ತದೆ. ಅದರಲ್ಲಿ 200 ಅಕ್ಷರಕ್ಕಿಂತ ಉದ್ದವಾಗಿದ್ದು, ಪ್ರೋಟೀನ್ ಆಗದೆ ಹಾಗೇ ಉಳಿಯುವುದನ್ನು ಲಾಂಗ್ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತೇವೆ. ಎಲ್ಲಕ್ಕೂ ಕೆಲಸ ಇದೆ ಅಂತ ನಾನು ಹೇಳಲ್ಲ. ಕೆಲವಕ್ಕೆ ಖಂಡಿತ ಇದೆ. ನಮ್ಮೂರ ಮದುವೆ ಮನೆ ನೆನಪಿಸಿಕೋ. ಸೌಟು ಮುಟ್ಟದೆ, ಎಲೆ ಯಾವಾಗ ಹಾಕಬೇಕು, ಯಾವ ಪಾತ್ರೆ ಒಲೆಯಿಂದ ಇಳಿಸಬೇಕು ಅಂತ ನೋಡಿಕೊಳ್ಳುವವರು ಒಬ್ಬರು ಇರ್ತಾರಲ್ಲ, ಹಾಗೆ.

ಹಾಟೇರ್ ಎಂಬ ಇಂಥ ಆರ್‌ಎನ್‌ಎ ಒಂದಿದೆ. 2007ರಲ್ಲಿ ಅಮೆರಿಕದಲ್ಲಿ ಜಾನ್ ರಿನ್, ಹೊವಾರ್ಡ್ ಚಾಂಗ್ ಅವರ ತಂಡ ಕಂಡುಹಿಡಿದದ್ದು. ಅದು ಹುಟ್ಟುವುದು 12ನೇ ಕ್ರೋಮೋಸೋಮಿನಲ್ಲಿ. ಒಂದು ಪ್ರೋಟೀನ್ ಗುಂಪನ್ನು ಜೊತೆ ಮಾಡಿಕೊಂಡು 2ನೇ ಕ್ರೋಮೋಸೋಮಿನ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಇದರ ಮಟ್ಟ ಜಾಸ್ತಿ. ತಟ್ಟೆಯಲ್ಲಿ ಬೆಳೆಸಿದ ಗಡ್ಡೆಯ ಕೋಶಗಳಲ್ಲಿ ಇದನ್ನು ತಗ್ಗಿಸಿದರೆ ಅವು ಒಡೆದು ಎರಡಾಗುವುದು ನಿಧಾನವಾಗುತ್ತದೆ. ಮೆಗ್3 ಇದಕ್ಕೆ ತಿರುಗುಮುರುಗು. ಬೆಳವಣಿಗೆಗೆ ಕಡಿವಾಣ ಹಾಕುವ ಆರ್‌ಎನ್‌ಎ ಅದು, ಗಡ್ಡೆಯಲ್ಲಿ ಅದೇ ಕಡಿಮೆಯಾಗಿರುತ್ತದೆ.

ನನಗೆ ತುಂಬಾ ಭರವಸೆ ಕೊಟ್ಟದ್ದು 2020ರ ಒಂದು ಕೆಲಸ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ್ದು. ಐದೂವರೆ ಸಾವಿರಕ್ಕೂ ಹೆಚ್ಚು ಇಂಥ ಆರ್‌ಎನ್‌ಎಗಳನ್ನು ಗಡ್ಡೆಯ ಕೋಶಗಳಲ್ಲಿ ಒಂದೊಂದಾಗಿ ತಗ್ಗಿಸಿ, ಮೇಲೆ ರೇಡಿಯೇಶನ್ ಕೊಟ್ಟು ನೋಡಿದರು. ಯಾವುದನ್ನು ತಗ್ಗಿಸಿದರೆ ಗಡ್ಡೆ ರೇಡಿಯೇಶನ್‌ಗೆ ಹೆಚ್ಚು ಬಗ್ಗುತ್ತದೆ ಅಂತ. ಹಾಗೆ ಸಿಕ್ಕಿದ ಒಂದಕ್ಕೆ ಎಲ್‌ಎನ್‌ಸಿ-ಜಿಆರ್‌ಎಸ್-1 ಅಂತ ಹೆಸರಿಟ್ಟರು. ಅದನ್ನು ತಗ್ಗಿಸಿದಾಗ ಗಡ್ಡೆಯ ಕೋಶಗಳು ಸೊರಗಿದವು, ಪಕ್ಕದ ಆರೋಗ್ಯವಂತ ಮೆದುಳಿನ ಕೋಶಗಳು ಉಳಿದವು. ಲ್ಯಾಬಿನಲ್ಲಿ ಬೆಳೆಸಿದ ಮೆದುಳಿನ ಪುಟ್ಟ ಉಂಡೆಗಳಲ್ಲಿ ನೋಡಿದ್ದು, ರೋಗಿಗಳಲ್ಲಿ ಅಲ್ಲ. ಆದರೂ ಅದನ್ನು ಓದಿದ ದಿನ ಎದ್ದು ಹೋಗಿ ಒಬ್ಬನೇ ಕಾರಿಡಾರಿನಲ್ಲಿ ಓಡಾಡಿದ್ದೆ.

ನಮ್ಮ ಕೆಲಸ ಹೇಗಿರುತ್ತದೆ ಗೊತ್ತಾ? ಕಡಲೆ ಕಾಳಿನಷ್ಟು ಗಡ್ಡೆಯ ತುಂಡು, ಮೈನಸ್ 80 ಡಿಗ್ರಿಯಲ್ಲಿ ಇಟ್ಟದ್ದು. ಗುಲಾಬಿ ಬಣ್ಣದ ದ್ರವದಲ್ಲಿ ಅರೆದು, ಕ್ಲೋರೋಫಾರ್ಮ್ ಹಾಕಿ ತಿರುಗಿಸಿದರೆ ಟ್ಯೂಬಿನಲ್ಲಿ ಮೂರು ಪದರ. ಕೆಳಗೆ ಗುಲಾಬಿ, ನಡುವೆ ಬಿಳಿ ಕೆನೆ, ಮೇಲೆ ತಿಳಿ ನೀರು. ಆ ತಿಳಿಯಲ್ಲಿದೆ ಆರ್‌ಎನ್‌ಎ. ಕೊನೆಗೆ ಟ್ಯೂಬಿನ ತಳದಲ್ಲಿ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ ಉಳಿಯುತ್ತದೆ. ಬೆರಳಿನ ಬೆವರು ತಾಗಿದರೂ ಅದು ಹಾಳು. ಒಮ್ಮೆ ಗ್ಲೌಸ್ ಬದಲಿಸದೆ ಮುಟ್ಟಿ ಒಂದನ್ನು ಕಳೆದುಕೊಂಡೆ. ಯಾರದೋ ಮನೆಯವರು ಸಹಿ ಹಾಕಿ ಕೊಟ್ಟ ತುಂಡು ಅದು. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಅಣ್ಣನ ವಿಷಯ. ಈ ಆರ್‌ಎನ್‌ಎಗಳ ಮೇಲೆ ಹಾಕುವ ಮದ್ದು ಗ್ಲಿಯೋಬ್ಲಾಸ್ಟೋಮಾಕ್ಕೆ ಆಸ್ಪತ್ರೆಗೆ ಇನ್ನೂ ಬಂದಿಲ್ಲ. ರಕ್ತಕ್ಕೆ ಕೊಟ್ಟ ಮದ್ದನ್ನು ಮೆದುಳಿನ ರಕ್ತನಾಳದ ಗೋಡೆ ಸುಲಭವಾಗಿ ಒಳಗೆ ಬಿಡುವುದಿಲ್ಲ, ದೊಡ್ಡ ತೊಡಕು ಅದೇ. ಯಾರೋ ಹೇಳಿದರು ಅಂತ ರಕ್ತದ ಆರ್‌ಎನ್‌ಎ ಟೆಸ್ಟಿಗೆ ಅಡಿಕೆ ಮಾರಿದ ದುಡ್ಡು ಸುರಿಯಬೇಡ. ಅದರಿಂದ ಅವನ ಚಿಕಿತ್ಸೆ ಬದಲಾಗಲ್ಲ.

ಡಾಕ್ಟರು ಹೇಳಿದ ರೇಡಿಯೇಶನ್, ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಬಿಡಬೇಡಿ. 2005ರ ದೊಡ್ಡ ಪ್ರಯೋಗದಲ್ಲಿ ಬರೀ ರೇಡಿಯೇಶನ್ ತಗೊಂಡವರಲ್ಲಿ ಎರಡು ವರ್ಷ ದಾಟಿದವರು ನೂರಕ್ಕೆ 10. ಮಾತ್ರೆಯೂ ಸೇರಿದಾಗ 26. ಕಡಿಮೆಯೇ, ನಿನ್ನ ಹತ್ತಿರ ಮುಚ್ಚಿಡಲ್ಲ. ಆದರೆ ಆ 26ರಲ್ಲಿ ಅಣ್ಣ ಇರಲಿ ಅಂತ ದಿನಾ ಬೇಡಿಕೊಳ್ತೀನಿ. ರಿಪೋರ್ಟಿನಲ್ಲಿ ಎಂಜಿಎಂಟಿ ಮೆಥಿಲೇಶನ್ ಅಂತ ಒಂದು ಸಾಲು ಇದೆಯಾ ನೋಡು. ಇಲ್ಲದಿದ್ದರೆ ಆ ಟೆಸ್ಟ್ ಆಗಿದೆಯಾ ಕೇಳು. ಮಾತ್ರೆ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕೆ ಅದು ನಿಜವಾಗಿ ಬೇಕಾದ ಟೆಸ್ಟ್.

ನಿಮ್ಹಾನ್ಸ್‌ನಲ್ಲಿ ಇನ್ನೊಂದು ಅಭಿಪ್ರಾಯ ಕೇಳೋಣ ಅಂದಿದ್ದೆಯಲ್ಲ, ಬನ್ನಿ. ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು, ಎಂಆರ್‌ಐ ಸಿಡಿ ಮೂರನ್ನೂ ಈಗಿನ ಆಸ್ಪತ್ರೆಯಿಂದ ಕೇಳಿ ತಗೊಂಡು ಬಾ. ಬರೀ ಕಾಗದ ಸಾಲದು. ರಾತ್ರಿ ರೈಲಿಗೆ ಬಂದರೆ ಯಶವಂತಪುರದಲ್ಲೇ ಇಳಿಯಿರಿ. ಅಣ್ಣನಿಗೆ ಮೆಟ್ಟಿಲು ಕಷ್ಟ ಅಂದಿದ್ದೆ, ವೀಲ್‌ಚೇರ್ ಹಿಡಿದು ನಾನು ಪ್ಲಾಟ್‌ಫಾರ್ಮಿನಲ್ಲೇ ಇರ್ತೀನಿ.

ನಿನ್ನ ಗೆಳೆಯ