ಪತ್ರದ ಕೊನೆಯ ಸಾಲು

ಲೀಡ್ಸ್, ಇಂಗ್ಲೆಂಡ್, 12 ಫೆಬ್ರುವರಿ 2026

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ವೀಣಾಳ ನಮಸ್ಕಾರಗಳು.

ನಾನು ಕ್ಷೇಮ. ಅಜ್ಜಿ, ಚಿಕ್ಕಪ್ಪ, ಸುಮಕ್ಕ, ಭಾವ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅಪ್ಪ, ನಿಮ್ಮ ಪತ್ರ ಸೋಮವಾರ ಕೈಸೇರಿತು. ಅಂದೇ ಫೋನ್ ಮಾಡಬೇಕೆಂದಿದ್ದೆ. ಆದರೆ ಫೋನಿನಲ್ಲಿ ಈ ಮಾತು ತೆಗೆದರೆ ನೀವು ಸಿಟ್ಟಾಗುತ್ತೀರಿ, ನನಗೆ ಅಳು ಬರುತ್ತದೆ, ಅಮ್ಮ ನಡುವೆ ಬಂದು ಊಟವಾಯಿತೇ ಎಂದು ಕೇಳುತ್ತಾಳೆ. ಹೇಳಬೇಕಾದ್ದು ಹಾಗೆಯೇ ಉಳಿದುಬಿಡುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ನೀವು ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು, ಓದಲು ಬಂದವಳು ಇಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಪುಕ್ಕಟೆ ಓದಿಸುತ್ತಿದ್ದೇನೆಂಬ ನಿಮ್ಮ ಸಿಟ್ಟಿಗೆ ಉತ್ತರ ಕೊಡುತ್ತೇನೆ.

ಅಕ್ಟೋಬರ್‌ನಲ್ಲಿ ಪೊಲೀಸರು ಮನೆಗೆ ಬಂದು ನನ್ನ ಬಗ್ಗೆ ವಿಚಾರಿಸಿದಾಗ, ಅದು ವಿಶ್ವವಿದ್ಯಾಲಯದ ಯಾವುದೋ ಕಾಗದಕ್ಕಾಗಿ ಎಂದು ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಅದು ನನ್ನ ತಪ್ಪು, ಕ್ಷಮಿಸಿ. ಇಲ್ಲಿ ಮಕ್ಕಳ ಜೊತೆ ಕೆಲಸ ಮಾಡಬೇಕಾದರೆ, ಸಂಬಳವಿರಲಿ ಇಲ್ಲದಿರಲಿ, ಯಾವ ಅಪರಾಧದಲ್ಲೂ ನಮ್ಮ ಹೆಸರಿಲ್ಲವೆಂದು ಖಾತ್ರಿಯಾಗಬೇಕು. ಡಿಬಿಎಸ್ ಎಂಬ ಸರ್ಕಾರಿ ತಪಾಸಣೆ ಇದೆ, ಸ್ವಯಂಸೇವಕರಿಂದ ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಅದು ಈ ದೇಶದ ದಾಖಲೆಗಳನ್ನಷ್ಟೇ ನೋಡುತ್ತದೆ. ನಾನು ಇಲ್ಲಿಗೆ ಬಂದು ಆಗ ತಿಂಗಳಷ್ಟೇ ಆಗಿತ್ತು. ಹಾಗಾಗಿ ಊರಿನ ಪೊಲೀಸರ ಪ್ರಮಾಣಪತ್ರವನ್ನೂ ತರಿಸಿ ಎಂದರು. ಇಷ್ಟೊಂದು ಬಿಗಿ ಏಕೆಂದು ನಾನೂ ಕೇಳಿದ್ದೆ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವವನೇ ಕೊಂದಿದ್ದ. ಅವನ ಮೇಲೆ ಮೊದಲೇ ದೂರುಗಳಿದ್ದರೂ ಕೆಲಸ ಕೊಡುವಾಗ ಅವು ಯಾರ ಗಮನಕ್ಕೂ ಬಂದಿರಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಈ ಕಾಗದಪತ್ರಗಳ ಬಗ್ಗೆ ಬೇಸರ ಬರಲಿಲ್ಲ. ಅಮ್ಮ, ಬೀದಿಯಲ್ಲಿ ಯಾರಾದರೂ ಇನ್ನೂ ಆಡಿಕೊಳ್ಳುತ್ತಿದ್ದರೆ ಹೇಳು: ಮಕ್ಕಳನ್ನು ವೀಣಾಳ ಪಕ್ಕದಲ್ಲಿ ಕೂರಿಸಬಹುದೇ ಎಂದು ವಿಚಾರಿಸಲು ಬಂದಿದ್ದರು, ಕೂರಿಸಬಹುದು ಎಂದು ಬರೆದು ಹೋದರು.

ವೀಸಾ ರದ್ದಾಗುತ್ತದೆಂದು ಚಿಕ್ಕಪ್ಪನಿಗೆ ಹೇಳಿದವರು ಯಾರೋ ಗೊತ್ತಿಲ್ಲ. ರದ್ದಾಗುವುದಿಲ್ಲ. ಪಾಠಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ನಿಯಮವಿರುವುದು ನಿಜ. ನಾನು ಗ್ರಂಥಾಲಯದಲ್ಲಿ ದುಡಿಯುವುದು 12 ಗಂಟೆ. ಸಂಬಳವಿಲ್ಲದೆ, ಕರಾರಿಲ್ಲದೆ ಮಾಡುವ ಇಂಥ ಸೇವೆ ಆ ಲೆಕ್ಕಕ್ಕೆ ಸೇರುವುದಿಲ್ಲ. ವಿಶ್ವವಿದ್ಯಾಲಯದ ವೀಸಾ ವಿಭಾಗದಿಂದ ಇದನ್ನು ಬರಹದಲ್ಲೇ ಪಡೆದಿದ್ದೇನೆ. ಓದಿಗೂ ಅಡ್ಡಿಯಿಲ್ಲ. ಬುಧವಾರ ಮಧ್ಯಾಹ್ನವನ್ನು ಇಲ್ಲಿ ಆಟೋಟಕ್ಕೆಂದು ಬಿಟ್ಟಿರುತ್ತಾರೆ. ಜೊತೆಯವರು ಮೈದಾನಕ್ಕೆ ಹೋಗುತ್ತಾರೆ, ನಾನು ಶಾಲೆಗೆ ಹೋಗುತ್ತೇನೆ. ಸಾಲದ ಬಡ್ಡಿಯ ಹಣ ತಿಂಗಳ ಐದನೇ ತಾರೀಕಿನೊಳಗೆ ಬಂದೇ ಬರುತ್ತದೆ, ಇದುವರೆಗೆ ಒಂದು ತಿಂಗಳೂ ತಪ್ಪಿಲ್ಲ, ಮುಂದೆಯೂ ತಪ್ಪುವುದಿಲ್ಲ.

ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದ್ದೀರಿ. ಓದಲು ಕಷ್ಟಪಡುವ ಮೂವರು ಮಕ್ಕಳ ಪಕ್ಕದಲ್ಲಿ ಒಬ್ಬೊಬ್ಬರಿಗೆ ಅರ್ಧ ಗಂಟೆಯಂತೆ ಕುಳಿತು, ಅವರು ಓದುವುದನ್ನು ಕೇಳುತ್ತೇನೆ. ಕೆಲಸ ಇಷ್ಟೇ. ಇದಕ್ಕೂ ನಿಯಮಗಳಿವೆ. ಬಾಗಿಲು ತೆರೆದೇ ಇರಬೇಕು. ಮಕ್ಕಳ ಫೋಟೊ ತೆಗೆಯುವಂತಿಲ್ಲ, ನನ್ನ ಮೊಬೈಲ್ ಸಂಖ್ಯೆ ಕೊಡುವಂತಿಲ್ಲ. ಮಗು ಯಾರಿಗೂ ಹೇಳಬೇಡಿ ಎಂದು ಏನಾದರೂ ಹೇಳಹೊರಟರೆ, ಹೇಳುವುದಿಲ್ಲವೆಂದು ಮಾತು ಕೊಡುವಂತಿಲ್ಲ. ಅವರ ಹೆಸರನ್ನು ನಿಮಗೂ ಬರೆಯುವುದಿಲ್ಲ.

ಶಾಲೆಯ ಮುಂದಿನ ರಸ್ತೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಹಳದಿ ಕೋಟು ತೊಟ್ಟು, ತುದಿಯಲ್ಲಿ ದುಂಡನೆಯ ಫಲಕವಿರುವ ಉದ್ದ ಕೋಲು ಹಿಡಿದು ನಿಂತಿರುತ್ತಾರೆ. ಕೋಲನ್ನು ರಸ್ತೆಗೆ ಚಾಚಿದರೆ ಬಸ್ ಕೂಡ ನಿಲ್ಲಲೇಬೇಕು, ಕಾನೂನು ಹಾಗಿದೆ. ಈ ಚಳಿಯಲ್ಲೂ ಹುಡುಗರು ಚಡ್ಡಿಯಲ್ಲಿ ಬರುತ್ತಾರೆ, ಅಜ್ಜಿ ನೋಡಿದರೆ ಒಂದೇ ಸಮನೆ ಬೈಯುತ್ತಿದ್ದರು. ತಿಂಗಳಿಗೊಮ್ಮೆ ಒಂದು ನಾಯಿ ಬರುತ್ತದೆ. ಹೌದು, ಶಾಲೆಗೇ. ತರಬೇತಾದ, ಸಾಧು ನಾಯಿ. ಮಕ್ಕಳು ಅದರ ಪಕ್ಕ ಕುಳಿತು ಅದಕ್ಕೆ ಪುಸ್ತಕ ಓದಿ ಹೇಳುತ್ತಾರೆ. ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನೋಡಿದರೆ, ನನ್ನೆದುರು ಬಾಯಿ ಬಿಡದ ಹುಡುಗಿ ನಾಯಿಗೆ ಎರಡು ಪುಟ ಓದಿದಳು. ನಾಯಿ ನಗುವುದಿಲ್ಲ, ತಿದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ.

ಎಲ್ಲವೂ ಇವರದೇ ಹೆಚ್ಚೆಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ ಉಚಿತ ಬಿಸಿಯೂಟ ಶುರುವಾದದ್ದು 2014ರಲ್ಲಿ. ನಮ್ಮ ಅಕ್ಷರ ದಾಸೋಹ 2002ರಲ್ಲೇ ಆರಂಭವಾಯಿತು ಎಂದಾಗ ಇಲ್ಲಿಯ ಟೀಚರ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಪೂರ್ತಿ ಕೇಳಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಮ್ಮ, ನೀನು ಅಡುಗೆಯವರ ಜೊತೆ ನಿಂತು ಬಡಿಸುತ್ತಿದ್ದುದನ್ನೂ ಹೇಳಿದೆ.

ಈಗ ಸುಮಕ್ಕನ ಮಗನ ಬಗ್ಗೆ ನೀವು ಬರೆದ ಆ ಸಾಲು. ‘ಚಿನ್ನು ಮೂರನೇ ತರಗತಿ ಮುಗಿಸುತ್ತ ಬಂದರೂ ಓದುವುದಿಲ್ಲ, ಮೇಷ್ಟ್ರು ಮಂದಬುದ್ಧಿ ಎಂದಿದ್ದಾರೆ, ನಿನ್ನ ಭಾವ ಎರಡು ಬಾರಿಸಿದ್ದಾನೆ, ಜೂನ್‌ಗೆ ಹಾಸ್ಟೆಲ್ ಶಾಲೆಗೆ ಹಾಕುವುದೆಂದು ತೀರ್ಮಾನವಾಗಿದೆ.’ ಅಪ್ಪ, ಇದನ್ನು ಓದಿ ಮೂರು ದಿನವಾಯಿತು, ಮನಸ್ಸು ಬೇರೆ ಯಾವುದಕ್ಕೂ ಹೋಗುತ್ತಿಲ್ಲ.

ನನ್ನ ಮೂವರಲ್ಲಿ ಒಬ್ಬ ಏಳು ವರ್ಷದ ಹುಡುಗನಿದ್ದಾನೆ. ನವೆಂಬರ್‌ನಲ್ಲಿ ಮೊದಲ ಸಲ ಕುಳಿತಾಗ ಗಳಗಳನೆ ಓದಿದ. ಇವನಿಗೆ ನಾನೇಕೆ ಬೇಕು ಎಂದುಕೊಂಡೆ. ಮರುವಾರ ಅದೇ ಪುಸ್ತಕ ತೆರೆದರೆ ಅದೇ ಪುಟದಲ್ಲಿ ಬೇರೆ ಮಾತುಗಳು ಬಂದವು. ಅವನು ಚಿತ್ರ ನೋಡಿ ಕಥೆ ಕಟ್ಟುತ್ತಿದ್ದ, ಒಂದಷ್ಟನ್ನು ಕೇಳಿ ನೆನಪಿಟ್ಟಿದ್ದ. ಆಗ ನನಗೆ ಕಳೆದ ಬೇಸಿಗೆ ನೆನಪಾಯಿತು. ನಿಮಗೆ ನೆನಪಿದೆಯೇ? ಚಿನ್ನು ಜಗಲಿಯಲ್ಲಿ ಕುಳಿತು ಪಾಠ ಓದುತ್ತ, ಪುಟ ತಿರುಗಿಸುವುದನ್ನು ಮರೆತು ಮುಂದಿನ ಪುಟದ ಮಾತುಗಳನ್ನೂ ಹೇಳಿಬಿಟ್ಟಿದ್ದ. ಎಂಥ ಚೂಟಿ ಎಂದು ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅವನೊಬ್ಬ ಮಾತ್ರ ನಗಲಿಲ್ಲ, ಪುಸ್ತಕ ಮುಚ್ಚಿಟ್ಟು ಎದ್ದುಹೋದ.

ಅಪ್ಪ, ಅವನು ದಡ್ಡನಲ್ಲ. ಅಜ್ಜಿಯ ರೇಡಿಯೊ ಬಿಚ್ಚಿ ಮತ್ತೆ ಹಾಡುವಂತೆ ಜೋಡಿಸಿದವನು ಮಂದಬುದ್ಧಿಯವನು ಹೇಗಾಗುತ್ತಾನೆ? ಡಿಸ್ಲೆಕ್ಸಿಯಾ ಎಂಬ ಮಾತನ್ನು ನೀವು ಕೇಳಿರಬಹುದು. ಬುದ್ಧಿ ಚೆನ್ನಾಗಿಯೇ ಇರುತ್ತದೆ, ಆದರೆ ಅಕ್ಷರವನ್ನೂ ಅದರ ಧ್ವನಿಯನ್ನೂ ಕೂಡಿಸುವುದು ಮಾತ್ರ ಕಷ್ಟವಾಗುತ್ತದೆ. ಹತ್ತರಲ್ಲಿ ಒಬ್ಬರಿಗೆ ಇರಬಹುದೆಂದು ಇಲ್ಲಿಯ ಡಿಸ್ಲೆಕ್ಸಿಯಾ ಸಂಘದ ಅಂದಾಜು. ಚಿನ್ನುವಿಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ, ಹೇಳಲು ನಾನು ವೈದ್ಯೆಯಲ್ಲ. ಕಣ್ಣಿನ ದೋಷವಿರಬಹುದು, ಕಿವಿ ಸರಿಯಾಗಿ ಕೇಳದಿರಬಹುದು. ಮೊದಲು ಅವೆರಡನ್ನೂ ತೋರಿಸಿ. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಎರಡೂ ಕಡೆ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ನಿಮ್ಹಾನ್ಸ್ ಎಂದ ಕೂಡಲೇ ಭಾವ ಹೌಹಾರುತ್ತಾರೆ, ನನಗೆ ಗೊತ್ತು. ಅಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ ಎಂದು ನೀವೇ ಸಮಾಧಾನವಾಗಿ ಹೇಳಿ. ನಿಮ್ಮ ಮಾತನ್ನು ಅವರು ತೆಗೆದುಹಾಕುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನ್ಯೂನತೆಯನ್ನೂ ಸೇರಿಸಿದ್ದಾರೆ. ಪ್ರಮಾಣಪತ್ರ ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಸುಮಕ್ಕನಿಗೆ ಅಂಗವಿಕಲ ಎಂಬ ಪದ ಕೇಳಿ ನೋವಾದೀತು. ಮಂದಬುದ್ಧಿ ಎಂಬ ಮಾತಿಗಿಂತ ಅದು ಮಗುವಿಗೆ ಮಾಡುವ ಉಪಕಾರ ಹೆಚ್ಚು.

ಹೊಡೆಯುವುದನ್ನು ಮಾತ್ರ ಇಂದೇ ನಿಲ್ಲಿಸಿ. ಮೇಷ್ಟ್ರು ಕೈಯೆತ್ತಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದಕ್ಕೆ ನಿಷೇಧವಿದೆ, ಅವಮಾನ ಮಾಡಿ ಮನಸ್ಸಿಗೆ ಹಿಂಸೆ ಕೊಡುವುದಕ್ಕೂ ಇದೆ. ಭಾವನಿಗೆ ಕಾನೂನು ಹೇಳುವಷ್ಟು ದೊಡ್ಡವಳು ನಾನಲ್ಲ, ಬೇಡಿಕೊಳ್ಳುತ್ತೇನೆ. ಪೆಟ್ಟಿಗೆ ಹೆದರಿದ ಮಗುವಿನ ಕಣ್ಣು ಪುಸ್ತಕದ ಮೇಲೆ ನಿಲ್ಲುವುದಿಲ್ಲ, ಕೈಯೆತ್ತುವವರ ಮೇಲೆ ನಿಂತಿರುತ್ತದೆ.

ಮನೆಯಲ್ಲಿ ಏನು ಮಾಡಬಹುದೆಂದರೆ, ದಿನಕ್ಕೆ ಹದಿನೈದು ನಿಮಿಷ ಸಾಕು. ಅಪ್ಪ, ನೀವೇ ಕೂರಬೇಕು, ಏಕೆಂದರೆ ನಿಮಗೆ ತಾಳ್ಮೆ ಇದೆ. ಪದದ ಕೆಳಗೆ ಬೆರಳಿಡಲಿ. ತಡವರಿಸಿದರೆ ಕೂಡಲೇ ಹೇಳಿಕೊಡಬೇಡಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಈ ಐದು ಎಣಿಸುವುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಮೊದಮೊದಲು ಎರಡು ಎನ್ನುವಷ್ಟರಲ್ಲಿ ಉತ್ತರ ನನ್ನ ಬಾಯಿಂದಲೇ ಜಾರುತ್ತಿತ್ತು. ಕಾದರೆ ಎಷ್ಟೋ ಸಲ ಅವರೇ ಹಿಡಿದುಬಿಡುತ್ತಾರೆ. ಹಿಡಿಯದಿದ್ದರೆ ಮೊದಲ ಅಕ್ಷರದ ಧ್ವನಿಯನ್ನಷ್ಟೇ ಹೇಳಿ. ಸರಿಯಾಗಿ ಓದಿದ ಪದಕ್ಕೆ ಅಲ್ಲೇ ಭೇಷ್ ಎನ್ನಿ, ಪಾಠದ ಕೊನೆಗೆ ಬಾಕಿ ಇಡಬೇಡಿ.

ಇನ್ನೊಂದು ಉಪಾಯ ಚಿನ್ನುವಿಗೆ ಖಂಡಿತ ಹಿಡಿಸುತ್ತದೆ. ಇಲ್ಲಿ ಆರು ವರ್ಷದ ಮಕ್ಕಳಿಗೆ 2012ರಿಂದ ಒಂದು ಓದಿನ ಪರೀಕ್ಷೆ ಇದೆ. ಒಟ್ಟು 40 ಪದಗಳು, ಅವುಗಳಲ್ಲಿ 20ಕ್ಕೆ ಅರ್ಥವೇ ಇಲ್ಲ! ಅವುಗಳ ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರವಿರುತ್ತದೆ, ಅದರ ಹೆಸರೆಂದು ತಿಳಿದು ಓದಬೇಕು. ಬಾಯಿಪಾಠ ಮಾಡಿದವನಿಗೆ ಅರ್ಥವಿಲ್ಲದ ಪದ ಬರುವುದಿಲ್ಲ, ಅಕ್ಷರ ಕೂಡಿಸಬಲ್ಲವನಿಗೆ ಬರುತ್ತದೆ. ನನ್ನ ಹುಡುಗ ಅದರಲ್ಲಿ ಎರಡು ವರ್ಷವೂ ಹಿಂದೆ ಬಿದ್ದಿದ್ದ. ನೀವೂ ಚೀಟಿಗಳಲ್ಲಿ ‘ಟುಮಕಿ’, ‘ಗೊಳಪು’, ‘ಝಿಬರ’ ಎಂದು ಬರೆದು ಕೊಡಿ, ಪ್ರಾಣಿಯ ಚಿತ್ರ ಅವನೇ ಬರೆಯಲಿ. ಯಾರೂ ಕೇಳಿರದ ಹೆಸರನ್ನು ಕೇಳಿ ನೆನಪಿಡಲು ಆಗುವುದಿಲ್ಲ, ಕೂಡಿಸಿಯೇ ಓದಬೇಕು.

ಒತ್ತಕ್ಷರಕ್ಕೆ ಅವಸರ ಮಾಡಬೇಡಿ. ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರ ಬಂದರೆ ಮುಗಿಯಲಿಲ್ಲ, ಕಾಗುಣಿತ, ಒತ್ತು ಎಂದು ಬೆಳೆಯುತ್ತಲೇ ಹೋಗುತ್ತದೆ. ಎಲ್ಲ ಮಕ್ಕಳಿಗೂ ಅದಕ್ಕೆ ವರ್ಷಗಳು ಬೇಕು. ಒಮ್ಮೆ ಆ ಹುಡುಗ, ‘ಮಿಸ್, ನಿಮ್ಮ ಅಕ್ಷರ ತೋರಿಸಿ’ ಎಂದ. ನಾನು ‘ಅಮ್ಮ’ ಎಂದು ಬರೆದೆ. ಬಹಳ ಹೊತ್ತು ನೋಡಿ, ‘ಈ ಅಕ್ಷರ ತನ್ನ ಮರಿಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡಿದೆ’ ಎಂದ. ಇದನ್ನು ಚಿನ್ನುವಿಗೆ ಹೇಳಿ. ದೊಡ್ಡದನ್ನು ಮೊದಲು ಕರೆಯಬೇಕು, ಮರಿಯನ್ನು ಆಮೇಲೆ.

ನಿನ್ನೆ ಆ ಹುಡುಗ ಒಂದು ಪುಟ ಪೂರ್ತಿ ಓದಿದ. ನಿಧಾನವಾಗಿ, ಬೆರಳಿಟ್ಟು, ಹದಿನೇಳು ಪದ. ಓದಿ ಮುಗಿಸಿ ಚಿತ್ರ ನೋಡಿ, ‘ಓ, ಇದು ಹಾಗೆ!’ ಎಂದ. ಮೊದಲು ಚಿತ್ರ ನೋಡಿ ಮಾತು ಹುಡುಕುತ್ತಿದ್ದವನು ನಿನ್ನೆ ಮಾತು ಓದಿ ಚಿತ್ರ ನೋಡಿದ. ನನಗೆ ಕಣ್ಣು ತುಂಬಿ ಬಂತು, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಆಗಲೂ ನೆನಪಾದವನು ಚಿನ್ನು. ಊರವರ ಮಕ್ಕಳಿಗೆ ಪುಕ್ಕಟೆ ಓದಿಸಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಕೇಳಿದ್ದೀರಿ. ಇವನ ಪಕ್ಕದಲ್ಲಿ ಕುಳಿತದ್ದರಿಂದಲೇ ಜಗಲಿಯಲ್ಲಿ ನಡೆದದ್ದು ಏನೆಂದು ನನಗೆ ತಿಳಿಯಿತು, ಅಪ್ಪ. ತಿಳಿಯುವಾಗ ತಡವಾಯಿತು, ಅಷ್ಟೇ. ಓದು ಮುಗಿಸಿ ಬಂದ ಮೇಲೂ ಇದನ್ನು ಬಿಡುವುದಿಲ್ಲ. ನಮ್ಮ ಶಾಲೆಯಲ್ಲೂ ಇಂಥವರು ಇರುತ್ತಾರೆ, ವಾರಕ್ಕೆ ಒಂದು ಮಧ್ಯಾಹ್ನವಾದರೂ ಕೂರುತ್ತೇನೆ.

ಹಾಸ್ಟೆಲ್ ಬೇಡ. ದಯವಿಟ್ಟು ಬೇಡ. ಮನೆಯಲ್ಲಿ ನಕ್ಕದ್ದನ್ನೇ ತಡೆಯಲಾರದವನು ನಲವತ್ತು ಹುಡುಗರ ನಡುವೆ ರಾತ್ರಿ ಹೇಗಿರುತ್ತಾನೆ? ಪರೀಕ್ಷೆಯ ಖರ್ಚು, ಬಸ್ಸಿನ ಖರ್ಚು ಎಲ್ಲ ನಾನು ಕಳುಹಿಸುತ್ತೇನೆ, ಗ್ರಂಥಾಲಯದ ಹಣದಲ್ಲಿ ಉಳಿಸಿದ್ದೇನೆ, ಬಡ್ಡಿಯ ಹಣ ಬೇರೆ ಇದೆ, ಅದನ್ನು ಮುಟ್ಟಿಲ್ಲ.

ಅಮ್ಮ, ನನ್ನ ಚಿಂತೆ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ಕೋಟು ದಪ್ಪನೆಯದು, ಕೋಣೆ ಬೆಚ್ಚಗಿದೆ, ಕೆಮ್ಮು ಹೋಗಿದೆ, ಹೋದ ಅವಧಿಯ ಅಂಕಗಳೂ ಚೆನ್ನಾಗಿ ಬಂದಿವೆ. ಕೆಮ್ಮು ನಿಜವಾಗಿಯೂ ಹೋಗಿದೆ.

ಮುಂದಿನ ವಾರ ಇಲ್ಲಿಯ ಶಾಲೆಗೆ ರಜೆ. ಮಾರ್ಚ್ ಮೊದಲ ಭಾನುವಾರ, ಅಷ್ಟರಲ್ಲಿ ಈ ಪತ್ರ ನಿಮಗೆ ಸಿಕ್ಕಿರುತ್ತದೆ, ನಿಮ್ಮ ಸಂಜೆ ಆರೂವರೆಗೆ, ನನಗೆ ಆಗ ಮಧ್ಯಾಹ್ನ ಒಂದು ಗಂಟೆ, ಫೋನ್ ಮಾಡುತ್ತೇನೆ. ಚಿನ್ನುವನ್ನು ಹತ್ತಿರ ಕೂರಿಸಿಕೊಂಡಿರಿ. ಓದು ಎನ್ನುವುದಿಲ್ಲ, ಅವನ ಝಿಬರ ಹೇಗಿದೆ ಎಂದು ಕೇಳುತ್ತೇನೆ. ನಮ್ಮ ನಾಯಿ ಕರಿಯನ ಪಕ್ಕ ಕುಳಿತು ಓದಲು ಹೇಳಿ, ಅಲ್ಲಿ ಯಾರೂ ಹೋಗಬೇಡಿ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಓಡಬೇಕು. ಅಜ್ಜಿಗೆ ನಮಸ್ಕಾರ, ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು,
ವೀಣಾ

ಈ ಪತ್ರವನ್ನು ಭಾವನಿಗೂ ಓದಲು ಕೊಡಿ. ಚಿನ್ನು ಮಲಗಿದ ಮೇಲೆ ಕೊಡಿ.