ಹೆತ್ತವರು ಬೇರೆಯಾದ ಮಕ್ಕಳ ಓದು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿಯಾಗಿ ತಮ್ಮಲ್ಲಿ ಈ ವಿಷಯವನ್ನು ನಿವೇದಿಸಿಕೊಳ್ಳುತ್ತಿದ್ದೇನೆ. ತಂದೆ-ತಾಯಿ ವಿಚ್ಛೇದನ ಪಡೆದರೆ ಮಕ್ಕಳ ಓದು ಕೆಟ್ಟಂತೆಯೇ ಎಂಬ ಮಾತು ಶಿಕ್ಷಕರ ಕೊಠಡಿಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಅಂಥ ವಿದ್ಯಾರ್ಥಿಯ ಅಂಕ ಇಳಿದಾಗ ಬೇರೆ ಕಾರಣ ಹುಡುಕುವ ಗೋಜಿಗೇ ನಾವು ಹೋಗುವುದಿಲ್ಲ.

ಸಂಶೋಧನೆ ಹೇಳುವುದು ಅಷ್ಟು ಸರಳವಾಗಿಲ್ಲ. ಸಮಾಜಶಾಸ್ತ್ರಜ್ಞರಾದ ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ 1991ರಲ್ಲಿ 92 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ವಿಚ್ಛೇದಿತರ ಮಕ್ಕಳು ಕಲಿಕೆಯಲ್ಲಿ ಸರಾಸರಿ ಹಿಂದಿರುವುದು ನಿಜವೆಂದು ಕಂಡಿತು. ಆದರೆ ಆ ಅಂತರ ದೊಡ್ಡದಾಗಿರಲಿಲ್ಲ. ಅದೇ ವರ್ಷ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಚೆರ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಬ್ರಿಟನ್ ಹಾಗೂ ಅಮೆರಿಕದ ಮಕ್ಕಳ ವಿವರಗಳನ್ನು ಪರಿಶೀಲಿಸಿ, ವಿಚ್ಛೇದನದ ಪರಿಣಾಮವೆಂದು ಎಣಿಸಿದ್ದರಲ್ಲಿ ಗಣನೀಯ ಪಾಲು, ಅದರಲ್ಲೂ ಗಂಡುಮಕ್ಕಳಲ್ಲಿ, ಹೆತ್ತವರು ಬೇರೆಯಾಗುವ ಮೊದಲೇ ಕಾಣಿಸಿಕೊಂಡಿತ್ತೆಂದು ತೋರಿಸಿದರು. ಎಂದರೆ, ನ್ಯಾಯಾಲಯದ ಆದೇಶಕ್ಕಿಂತ ಅದಕ್ಕೂ ಮುಂಚಿನ ಜಗಳ, ಆಮೇಲೆ ಬರುವ ಹಣದ ಅಡಚಣೆ, ಮನೆ ಬದಲಾವಣೆ, ವರ್ಷದ ನಡುವೆ ಶಾಲೆ ಬಿಡುವುದು ಇವೇ ಮಕ್ಕಳನ್ನು ಹೆಚ್ಚು ಕಾಡುತ್ತವೆ ಎಂಬುದು ನನ್ನ ಅಭಿಪ್ರಾಯ.

ನಾನು ಕಲಿಸುವ ಗಣಿತದಲ್ಲಿ ಇದು ಬೇಗ ಬಯಲಾಗುತ್ತದೆ. ಬೀಜಗಣಿತದ ಮೊದಲ ಪಾಠಗಳು ತಪ್ಪಿದ ಹುಡುಗಿಗೆ ಮುಂದಿನ ಸಮೀಕರಣಗಳು ಹತ್ತುವುದೇ ಇಲ್ಲ. ಇತಿಹಾಸದಲ್ಲಾದರೆ ಬಿಟ್ಟ ಅಧ್ಯಾಯವನ್ನು ಆಮೇಲೆ ಓದಿಕೊಳ್ಳಬಹುದು. ವಾರದ ಅರ್ಧ ತಾಯಿಯ ಮನೆ, ಇನ್ನರ್ಧ ತಂದೆಯ ಮನೆ ಎಂದು ಓಡಾಡುವವಳ ನೋಟ್ ಪುಸ್ತಕ ಆ ಮನೆಯಲ್ಲಿ ಉಳಿದಿರುತ್ತದೆ, ಮನೆಗೆಲಸ ಈ ಮನೆಯಲ್ಲಿ ಮಾಡಬೇಕಿರುತ್ತದೆ. ನಾವೋ, ಕೆಂಪು ಶಾಯಿಯಲ್ಲಿ ‘ನಿರ್ಲಕ್ಷ್ಯ’ ಎಂದು ಬರೆದು ಪೋಷಕರ ಸಹಿ ತರಲು ಹೇಳುತ್ತೇವೆ. ಯಾರ ಸಹಿ ಹಾಕಿಸಿದರೆ ಇನ್ನೊಬ್ಬರಿಗೆ ಬೇಸರವಾದೀತೆಂದು ಆಕೆ ಪುಸ್ತಕವನ್ನೇ ಚೀಲದ ತಳಕ್ಕೆ ತಳ್ಳಿಬಿಡುತ್ತಾಳೆ. ಇದಕ್ಕೆ ತದ್ವಿರುದ್ಧವಾಗಿ, ಮನೆಯ ಗದ್ದಲದಿಂದ ತಪ್ಪಿಸಿಕೊಳ್ಳಲು ಓದಿನಲ್ಲೇ ಮುಳುಗಿ ಒಳ್ಳೆಯ ಅಂಕ ತೆಗೆಯುವವರೂ ಇದ್ದಾರೆ. ಅಂಕಪಟ್ಟಿ ಚೆನ್ನಾಗಿರುವುದರಿಂದ ಅವರನ್ನು ಯಾರೂ ಮಾತನಾಡಿಸುವುದಿಲ್ಲ.

ಹೆತ್ತವರನ್ನು ಒಂದುಗೂಡಿಸುವುದು ಇಲಾಖೆಯ ಕೆಲಸವಲ್ಲ. ಸದಾ ಜಗಳವಿರುವ ಮನೆಯಲ್ಲಿ ಅದು ಮಗುವಿಗೆ ಒಳಿತೂ ಅಲ್ಲ. ಆದರೆ ಶಾಲೆಯ ಕಾಗದಪತ್ರಗಳು ತಮ್ಮ ಅಧೀನದಲ್ಲಿವೆ. ದಾಖಲಾತಿ ಅರ್ಜಿಯಲ್ಲಿ ಎರಡು ವಿಳಾಸಗಳಿಗೆ ಜಾಗವಿರಲಿ. ಬೇರೆಯಾದ ತಂದೆ-ತಾಯಿ ಇಬ್ಬರೊಡನೆಯೂ ಒಡನಾಟ ಉಳಿಸಿಕೊಳ್ಳುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಮಗುವಿಗೆ ಕೊಟ್ಟಿದೆ, ಅದು ಮಗುವಿನ ಹಿತಕ್ಕೆ ಧಕ್ಕೆಯಾಗದಿದ್ದಲ್ಲಿ. ಅದೇ ಷರತ್ತಿಗೆ ಒಳಪಟ್ಟು ಪ್ರಗತಿಪತ್ರದ ಪ್ರತಿಯೂ ಇಬ್ಬರಿಗೂ ಹೋಗಲಿ. ವಿಳಾಸ ಬದಲಾದರೂ ವರ್ಷ ಮುಗಿಯುವವರೆಗೆ ಅದೇ ಶಾಲೆಯಲ್ಲಿ ಓದಲು ಅವಕಾಶವಿರಲಿ. ನ್ಯಾಯಾಲಯದ ವಿಚಾರಣೆಯ ದಿನ ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಸಲಿ.

ಹಣ ಬೇಡುವ ಬೇಡಿಕೆ ಒಂದೇ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರೌಢಶಾಲೆಗಳಿಗೆ ತರಬೇತಿ ಪಡೆದ ಆಪ್ತಸಮಾಲೋಚಕರು ಬೇಕು. ಪಾಠ ಮಾಡುವವರಿಗೇ ಈ ಹೊಣೆಯನ್ನೂ ಹೊರಿಸಿ ಕೈತೊಳೆದುಕೊಳ್ಳಬಾರದು. ನಾಳೆ ಅಂಕ ಕೊಡುವ ಕೈಯ ಮುಂದೆ ಹದಿನಾಲ್ಕರ ಹುಡುಗ ಮನೆಯ ವಿಷಯ ಬಾಯಿಬಿಡುವುದಿಲ್ಲ. ಆ ನೇಮಕಾತಿಗೆ ಸಮಯ ಹಿಡಿಯುವುದು ಸಹಜ. ಉಳಿದವುಗಳಿಗೆ ಒಂದು ಸುತ್ತೋಲೆ ಸಾಕು; ಮುಂದಿನ ಶೈಕ್ಷಣಿಕ ವರ್ಷದ ಅರ್ಜಿಗಳು ಅಚ್ಚಾಗುವ ಮೊದಲೇ ಅದನ್ನು ಹೊರಡಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ